ಬಿಟ್ಟದ್ದು ನಾನೇ

ಜುಲೈ ತಿಂಗಳ ಕೊನೆಯ ಮಂಗಳವಾರ ಮಧ್ಯಾಹ್ನ ಯತೀಶ ಕೋಡಿಯ ಐತ ತಾಂಡೇಲನ ಮನೆಗೆ ಬಂದ. ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ, ಮಳೆಕೋಟು ಕೂಡ ತೆಗೆಯದೆ ಜಗಲಿಯ ಕೆಳಗೆ ನಿಂತುಕೊಂಡ. ಒಳಗೆ ಬಾ ಎಂದು ಐತ ಎರಡು ಸಲ ಕರೆದ ಮೇಲೂ ಮೆಟ್ಟಿಲು ಹತ್ತಲಿಲ್ಲ. ಹದಿನಾಲ್ಕು ವರ್ಷ ಐತನ ಕೈಕೆಳಗೆ ಒಂದೇ ಬೋಟಿನಲ್ಲಿ ದುಡಿದವನು, ಈ ಮನೆಯಲ್ಲಿ ಯಾರನ್ನೂ ಕೇಳದೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವಷ್ಟು ಸಲುಗೆ ಇದ್ದವನು. ಅವನು ಹಾಗೆ ಹೊರಗೆ ನಿಂತದ್ದನ್ನು ಕಂಡಾಗಲೇ ಐತನಿಗೆ ವಿಷಯ ಅರ್ಧ ತಿಳಿಯಿತು.

"ಐತಣ್ಣ, ಬಪ್ಪ ಶುಕ್ರವಾರ ಬೋಟಿನ ಎಲ್ಲರ್ನೂ ಕರ್ದಿದ್ರ್," ಎಂದ ಯತೀಶ. "ನಿನ್ನೆ ರತನಣ್ಣ ನನ್ನ್ ಒಬ್ನೇ ಕರ್ಸಿ ಮಾತಾಡ್ದ್ರ್. ಈ ಸಲ ಬೋಟ್ ನೀನ್ ತಕಂಡ್ ಹೋಯ್ಕ್ ಅಂದ್ರ್."

ಐತ ಕಂಬ ಹಿಡಿದು ಜಗಲಿಯ ಅಂಚಿಗೆ ಬಂದ.

"ನಾ ಒಪ್ಕಂಡಿಲ್ಲೆ. ಆದ್ರೆ ನಾ ಒಪ್ದೆ ಇದ್ರೆ ಉಪ್ಪುಂದದಿಂದ ಬ್ಯಾರೆ ತಾಂಡೇಲ ಬತ್ತ. ಮಾತ್ ಆಯಿತ್ತ್. ಮೂವತ್ತ್ ಜನ್ರ ಎದ್ರಿಗೆ ಅವ್ರ್ ಹೇಳುಕಿಂತ ಮುಂಚೆ ನೀವೇ ಸಾಕ್ ಅಂದ್ಬಿಟ್ರೆ ಮರ್ಯಾದಿ ಒಳೀತ್. ಶಾಲ್ ಹೊದ್ಸಿ ಕಳ್ಸ್ತ್ರ್. ಇಲ್ದಿದ್ರೆ ಅವ್ರೇ ತೆಗಿತ್ರ್."

"ಎಂತಕೆ ತೆಗುದಂಬ್ರ್?"

ಯತೀಶ ನೆಲ ನೋಡಿದ. "ಹೊಸ ಜಿಪಿಎಸ್ ಕೂರ್ಸುಕೆ ಬಂದವ್ರ್ ಹಳೇದ್ರಂಗ್ ಇದ್ದದ್ದೆಲ್ಲ ರತನಣ್ಣನ ಕಂಪ್ಯೂಟರಿಗೆ ಹಾಕಿ ಕೊಟ್ರಂಬ್ರ್. ಎರಡ್ ವರ್ಷ ನಾವ್ ಎಲ್ಲೆಲ್ಲಿ ಹೋಯ್ತ್, ಎಲ್ಲ ಗೆರಿ ಗೆರಿ ಕಾಣ್ತ್. ಆ ಜಾಗವೂ ಕಾಣ್ತ್."

ಅಷ್ಟು ಹೇಳಿ ಅವನು ಹೋದ. ಐತನ ಹೆಂಡತಿ ವನಜ ಚಾ ಮಾಡಿ ತರುವಷ್ಟರಲ್ಲಿ ಬೈಕಿನ ಸದ್ದು ಲೈಟ್‌ಹೌಸಿನ ತಿರುವು ದಾಟಿತ್ತು.

ಐತನಿಗೆ ಐವತ್ತಾರು. ಗಂಗೊಳ್ಳಿಯ ಬಂದರಿನಿಂದ ಹೊರಡುವ ಆ ಪರ್ಸೀನ್ ಸುತ್ತುಬಲೆಯ ಬೋಟಿಗೆ ಅವನು ತಾಂಡೇಲನಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು ಅವನೇ. ಈಗ ಬೋಟಿನ ಯಜಮಾನನಾಗಿರುವ ರತನನ ಅಪ್ಪ ಬದುಕಿದ್ದಾಗ, ಐತ ನೀರಿನ ಬಣ್ಣ ನೋಡಿಯೇ ಕೆಳಗಿರುವ ಮೀನು ಬೈಗೆಯೋ ಬಂಗುಡೆಯೋ ಎಂದು ಹೇಳುತ್ತಾನೆ ಎಂದು ಬಂದರಿನಲ್ಲೆಲ್ಲ ಹೊಗಳಿಕೊಂಡು ತಿರುಗುತ್ತಿದ್ದರು.

ಐತನ ಅಕ್ಕ ಮುತ್ತುವಿನ ಮಗ ಅಕ್ಷಯ್ ಅದೇ ಬೋಟಿಗೆ ಬಂದದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ. ಐಟಿಐ ಮುಗಿಸಿ ಮನೆಯಲ್ಲಿ ಕೂತಿದ್ದ. ಮುತ್ತುವಿನ ಗಂಡ ಬೇಗ ತೀರಿಕೊಂಡಿದ್ದ. ಅವಳು ಕೋಟೇಶ್ವರದ ಮನೆಮನೆಗೆ ಮೀನು ಹೊತ್ತು ಮಾರಿ ಒಬ್ಬನೇ ಮಗನನ್ನು ಸಾಕಿದವಳು. ಬೇರೆ ಯಾರ ಬೋಟಿಗೂ ಕಳಿಸುವುದಿಲ್ಲ, ಕಳಿಸಿದರೆ ತಮ್ಮನ ಬೋಟಿಗೇ ಎಂದು ಹಟ ಹಿಡಿದು, ತಾನೇ ಅವನನ್ನು ಕರೆದುಕೊಂಡು ಬಂದಳು. "ನಿನ್ನ್ ಅಳಿಯ. ನಿನ್ನ್ ಕಣ್ಣೆದ್ರಿಗೆ ಇರ್ಲಿ," ಎಂದಿದ್ದಳು.

ಎರಡು ವರ್ಷದ ಹಿಂದೆ, ಚೌತಿ ಕಳೆದ ವಾರ, ಅವನು ಐತನ ಕಣ್ಣೆದುರಿಗೇ ಹೋದ.

ಆ ದಿನ ಬಲೆ ಬಿಟ್ಟಾಗಿತ್ತು. ಬಲೆಯ ತುದಿ ಹಿಡಿದ ಸಣ್ಣ ದೋಣಿಯಲ್ಲಿ ಯತೀಶನೂ ಅಕ್ಷಯನೂ ಇದ್ದರು. ಬಂಗುಡೆಯ ದೊಡ್ಡ ಹಿಂಡು; ನೀರು ಕಪ್ಪಾಗಿ ಮಿಜಿಗುಡುತ್ತಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟಿದ್ದನ್ನು ಐತ ಕಂಡಿದ್ದ. ಕಂಡೂ, ಈ ಒಂದು ಬಲೆ ಎಳೆದು ಹೊರಡುವ ಎಂದುಕೊಂಡ. ಗಾಳಿ ಅವನು ಎಣಿಸಿದ್ದಕ್ಕಿಂತ ಬೇಗ ಬಂತು. ಎರಡನೇ ತೆರೆಗೆ ದೋಣಿ ಮಗುಚಿತು. ಬೋಟು ತಿರುಗಿಸಿ ಹತ್ತಿರ ಹೋಗಬೇಕಾದರೆ ಮೊದಲು ಬಲೆ ಕಡಿಯಬೇಕು. ಇಲ್ಲದಿದ್ದರೆ ಬೋಟಿನ ಅಡಿಯ ಫ್ಯಾನಿಗೆ ಸುತ್ತಿಕೊಂಡು ಬೋಟೇ ನಿಂತುಬಿಡುತ್ತದೆ. "ಬಲಿ ಕಡಿನಾ?" ಎಂದು ಗುಡ್ಡ ಎಂಬ ಕಲಾಸಿ ಕತ್ತಿ ಹಿಡಿದು ಕೂಗಿದ. ಐತನ ಬಾಯಿಂದ ಕಡಿ ಎಂಬ ಮಾತು ಕೂಡಲೇ ಹೊರಡಲಿಲ್ಲ. ಬಲೆಯ ಆಸೆಯೋ, ಹಗ್ಗ ಎಸೆದರೇ ಸಾಕು ಎಂಬ ಎಣಿಕೆಯೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೇ ಬಗೆಹರಿಯಲಿಲ್ಲ. ಎರಡು ನಿಮಿಷ ಹೋಯಿತು. ಎಸೆದ ಹಗ್ಗ ಯತೀಶನ ಕೈಗೆ ಸಿಕ್ಕಿತು. ಬಲೆ ಕಡಿದು ಬೋಟು ತಿರುಗಿದಾಗ ಅಕ್ಷಯನ ತಲೆ ಒಂದು ಸಲ ಕಂಡಿತು. ಆಮೇಲೆ ನೀರು ಮಾತ್ರ.

ಹನ್ನೊಂದು ದಿನ ಊರಿನ ಬೋಟುಗಳೆಲ್ಲ ಹುಡುಕಿದವು. ಭಟ್ಕಳದಿಂದ ಮಲ್ಪೆಯವರೆಗೆ ಎಲ್ಲ ಕಡೆ ಹೇಳಿ ಇಟ್ಟರು. ಹೆಣ ಸಿಗಲಿಲ್ಲ. ಮುತ್ತು ಉತ್ತರಕ್ರಿಯೆಯ ಬೊಜ್ಜ ಮಾಡಲು ಒಪ್ಪಲಿಲ್ಲ. "ಮುಖ ಕಾಣ್ದೆ ನಾ ಅವ್ನಿಗೆ ಪಿಂಡ ಇಡುದಿಲ್ಲೆ," ಎಂದಳು. ಊರವರು ಒಂದೆರಡು ಸಲ ಹೇಳಿ ಸುಮ್ಮನಾದರು.

ಅಂದಿನಿಂದ ಐತ ದಿನಾ ಕಡಲಿನಿಂದ ಮರಳುವಾಗ ಬೋಟನ್ನು ಆ ಜಾಗಕ್ಕೆ ಒಯ್ಯುತ್ತಿದ್ದ. ಹದಿನೆಂಟು ಮಾರು ನೀರಿರುವ ಜಾಗ. ಅಲ್ಲಿ ಇಂಜಿನ್ ನಿಧಾನ ಮಾಡಿ ಒಂದು ಸುತ್ತು ಬರುತ್ತಿದ್ದ. ಮೂವತ್ತು ಜನ ತಲೆಗೆ ಸುತ್ತಿದ ಬೈರಾಸು ಬಿಚ್ಚಿ ನಿಲ್ಲುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಅದು ಸಹಜವಾಗಿಯೇ ಇತ್ತು. ಆಮೇಲೂ ಅವನು ಬಿಡಲಿಲ್ಲ. ಬಲೆ ಬಿಟ್ಟದ್ದು ಎಷ್ಟೇ ದೂರದಲ್ಲಿರಲಿ, ಉತ್ತರದಲ್ಲಿರಲಿ ದಕ್ಷಿಣದಲ್ಲಿರಲಿ, ಬರುವ ದಾರಿ ಅದೇ. ಬೇರೆ ಬೋಟುಗಳು ಬಂದರಿನ ಕಟ್ಟೆಗೆ, ಧಕ್ಕೆಗೆ, ಬಂದು ಮೀನು ಇಳಿಸಿ ಮುಗಿಸಿದ ಮೇಲೆ ಇವರ ಬೋಟು ಅಳಿವೆ ದಾಟಿ ಒಳಗೆ ಬರುತ್ತಿತ್ತು. ಕಲಾಸಿಗಳು ಒಬ್ಬೊಬ್ಬರಾಗಿ ಬೇರೆ ಬೋಟು ಹಿಡಿದರು. ಮನೆಗೆ ಹತ್ತಿರ ಆಗುತ್ತದೆ ಎಂದು ಒಬ್ಬ ಹೇಳಿದ, ಭಾವನ ಬೋಟು ಎಂದು ಇನ್ನೊಬ್ಬ. ನಿಜವಾದ ಕಾರಣವನ್ನು ಯಾರೂ ಐತನ ಮುಖ ನೋಡಿ ಹೇಳಲಿಲ್ಲ.

ಐತ ಗಂಗೊಳ್ಳಿಯಲ್ಲಿ ಇಳಿದು, ದೋಣಿಯಲ್ಲಿ ಹೊಳೆ ದಾಟಿ ಕೋಡಿಗೆ ಬಂದರೆ, ದಡದಲ್ಲಿ ಮುತ್ತು ನಿಂತಿರುತ್ತಿದ್ದಳು.

"ಎಂತಾರೂ ಕಂಡಿತಾ?"

"ಇಲ್ಲೆ ಅಕ್ಕ. ನಾಳೆ ಕಾಂಬ."

ಇಷ್ಟೇ ಮಾತು. ಅದು ಕೇಳಿ ಅವಳು ಮನೆಗೆ ಹೋಗುತ್ತಿದ್ದಳು. ಹೋಗಿ ಒಂದು ಮುಷ್ಟಿ ಉಣ್ಣುತ್ತಿದ್ದಳು ಎಂದು ವನಜ ಹೇಳುತ್ತಿದ್ದಳು. ಕಡಲಿಗೆ ರಜೆ ಇದ್ದ ಜೂನ್ ಜುಲೈಯಲ್ಲಿ ಅವಳು ಉಣ್ಣುವುದೂ ಕಡಿಮೆ.

ಯತೀಶ ಬಂದು ಹೋದ ದಿನ ಸಂಜೆ ವನಜ ಗಂಡನ ಹತ್ತಿರ ಕೂತಳು.

"ಹ್ವಾಯ್, ಅವ ಹೇಳುದ್ ಸಮ ಇತ್ತ್. ನೀವೇ ಬಿಡಿ. ಇಪ್ಪತ್ತೆರಡ್ ವರ್ಷ ಮರ್ಯಾದಿಯಂಗ್ ಮಾಡಿದ್ರಿ. ಈಗ ಜನ್ರ ಎದ್ರಿಗೆ ಹೊರಗ್ ಹಾಕ್ಸ್ಕಂಬ್ದ್ ಬ್ಯಾಡ."

"ಹಾಕ್ಲಿ."

"ಎಂತ ಹಾಕ್ಲಿ?"

"ತೆಗುದಾರೆ ಅವ್ರೇ ತೆಗಿಲಿ. ಮೂವತ್ತ್ ಜನ ಅಲ್ಲ, ಮುನ್ನೂರ್ ಜನ್ರ ಎದ್ರಿಗೆ ತೆಗಿಲಿ. ನಾನಾಗಿ ಬಿಡುದಿಲ್ಲೆ."

ವನಜ ಅವನ ಮುಖ ನೋಡಿದಳು. ಈ ಮನುಷ್ಯ ಹಟಮಾರಿಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವನೇ ಮುಂದುವರಿಸಿದ.

"ಅಕ್ಕ ಕೇಂತ್ಳ್. ಅವ್ರ್ ತೆಗ್ದ್ ಹಾಕ್ರ್ ಅಂದೇಳಿ ಹೇಳ್ಲಕ್ಕ್. ನಾ ಹೋಪುಕೆ ತಯಾರಿದ್ದೆ, ಅವ್ರ್ ಬಿಟ್ಟಿಲ್ಲೆ ಅಂದೇಳಿ ಹೇಳ್ಲಕ್ಕ್. ನಾನೇ ಬಿಟ್ಟೆ ಅಂದೇಳಿ ಹ್ಯಾಂಗ್ ಹೇಳುದ್, ನೀನೇ ಹೇಳ್. ಅವ್ನ್ ಹುಡುಕುದ್ ನಾನೇ ಬಿಟ್ಟೆ ಅಂದಂಗಾತ್ತಲ್ಲ."

ವನಜ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಒಳಗೆ ಹೋಗುವಾಗ, "ಗುಡ್ಡನ್ ಕಾಂಬುಕೆ ಹೋಯ್ಕ್ ಅಂದೇಳಿ ಎರಡ್ ತಿಂಗಳಿಂದ ಹೇಳ್ತಿದ್ರಿ. ನಾಳೆ ಆರೂ ಹೋಯ್ ಬನಿ. ಮನಿಯಂಗ್ ಕೂಕಂಡ್ ಅದನ್ನೇ ಎಣಿಸ್ಬೇಡಿ," ಎಂದಳು.

ಗುಡ್ಡನ ಮನೆ ಕೊಡೇರಿಯಲ್ಲಿ. ಬುಧವಾರ ಬೆಳಿಗ್ಗೆ ಐತ ಕುಂದಾಪುರಕ್ಕೆ ಬಂದು ಬೈಂದೂರು ಬಸ್ಸು ಹತ್ತಿದ. ಮರವಂತೆಯಲ್ಲಿ ಬಸ್ಸು ಕಡಲಿನ ಬದಿಗೇ ಓಡುವಾಗ ಅವನು ಆ ಕಡೆಗೆ ನೋಡಲಿಲ್ಲ. ಎದುರು ಸೀಟಿನ ಕಂಬಿ ಹಿಡಿದು ಕೂತಿದ್ದ.

ಗುಡ್ಡನ ಕಾಲು ಮುರಿದದ್ದು ಮೇ ತಿಂಗಳ ಕೊನೆಯ ವಾರ. ಅವತ್ತು ಮಧ್ಯಾಹ್ನಕ್ಕೇ ಆಕಾಶ ಕೆಟ್ಟಿತ್ತು. ವಯರ್‌ಲೆಸ್ಸಿನಲ್ಲಿ ಎಲ್ಲ ಬೋಟಿನವರೂ ಒಳಗೆ ಬನ್ನಿ, ಒಳಗೆ ಬನ್ನಿ ಎಂದು ಕೂಗುತ್ತಿದ್ದರು. ಐತ ಮಾತ್ರ ಬೋಟನ್ನು ಆ ಜಾಗಕ್ಕೆ ತಿರುಗಿಸಿದ. ಮರುದಿನದಿಂದ ಎರಡು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ಒಂದು ಸುತ್ತು ಬಂದೇ ಹೋಗುವ ಎಂದು ಅವನ ಮನಸ್ಸು. "ಐತಣ್ಣ, ಇವತ್ ಬ್ಯಾಡ," ಎಂದು ಯತೀಶ ಕ್ಯಾಬಿನ್ನಿನ ಬಾಗಿಲಿಗೆ ಬಂದು ಹೇಳಿದ್ದ. ಐತನಿಗೆ ಕೇಳಿತ್ತು. ತಿರುಗುವಾಗ ತೆರೆ ಅಡ್ಡಕ್ಕೆ ಬಡಿಯಿತು. ಗುಡ್ಡ ಜಾರಿ ಹೋಗಿ ಬಲೆ ಎಳೆಯುವ ಯಂತ್ರದ ಬುಡಕ್ಕೆ ಬಿದ್ದ.

ಈಗ ಅವನು ಚಾವಡಿಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಒಳಗೆ ರಾಡು ಹಾಕಿದ್ದಾರೆ, ಈ ವರ್ಷ ಕಡಲು ಇಲ್ಲ ಎಂದು ಡಾಕ್ಟರರು ಹೇಳಿದ್ದರಂತೆ. ಐತನನ್ನು ಕಂಡು ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಅವನ ಮುದುಕಿ ತಾಯಿ ಒಳಗಿಂದ ಓಡಿ ಬಂದಳು.

"ಐತಣ್ಣ ಬಂದ್ರಾ! ಕೂಕಣಿ, ಕೂಕಣಿ. ಈ ಮಾಣಿ ಧಕ್ಕೆಯಂಗ್ ಜಾರಿ ಬಿದ್ದ್ ಕಾಲ್ ಮುರ್ಕಂಡ, ಕಾಣಿ. ಕಡಲಂಗ್ ಎಂತ ಆಯಿಲ್ಲೆ, ನೆಲದ್ ಮೇಲೆ ಬಿದ್ದ!"

ಐತ ಗುಡ್ಡನ ಕಡೆ ನೋಡಿದ. ಗುಡ್ಡ ಕಿಟಕಿಯ ಕಡೆ ನೋಡುತ್ತಿದ್ದ. ಧಕ್ಕೆಯಲ್ಲಿ ಬಿದ್ದೆ ಎಂದು ಅವನು ಮನೆಯಲ್ಲಿ ಹೇಳಿದ್ದ. ಐತನ ಹೆಸರು ಬರಬಾರದೆಂದು ಎರಡು ತಿಂಗಳಿಂದ ಹಾಗೇ ಹೇಳಿಕೊಂಡು ಬಂದಿದ್ದ.

ಮುದುಕಿ ಚಾದ ಲೋಟ ಕೊಟ್ಟು ಎದುರಿಗೆ ನೆಲದ ಮೇಲೆ ಕೂತಳು. "ನಿಮ್ಮ್ ಬೋಟಿಗ್ ಹೋತ ಅಂದ್ರೆ ನಂಗ್ ಹೆದ್ರಿಕಿಯೇ ಇಲ್ಲೆ, ಐತಣ್ಣ. ಬ್ಯಾರೆಯವ್ರ್ ಎಂತ ಹೇಳ್ತ್ರೋ ಹೇಳ್ಲಿ. ಅಳಿಯನ್ ಕಳ್ಕಂಡವ್ರ್ ನೀವ್. ಬ್ಯಾರೆಯವ್ರ್ ಮಕ್ಕಳನ್ ನೀವ್ ಜಾಗ್ರತಿ ಮಾಡ್ದಂಗೆ ಮತ್ಯಾರ್ ಮಾಡ್ತ್ರ್, ಹೇಳಿ?"

ಐತ ಲೋಟ ಕೆಳಗಿಟ್ಟು ಅಂಗಳಕ್ಕೆ ಇಳಿದು, ತೆಂಗಿನ ಮರದ ಬುಡದಲ್ಲಿ ನಿಂತ. ಬಸ್ಸಿನಲ್ಲಿ ಬಂದು ದಣಿದಿರಬೇಕು ಎಂದು ಮುದುಕಿ ನೀರು ತಂದು ಕೊಟ್ಟಳು.

ಹೊರಡುವ ಮೊದಲು ಅವನು ಗುಡ್ಡನ ಹತ್ತಿರ ಕೂತು, ತಾಯಿಗೆ ಕೇಳದ ಹಾಗೆ, "ಎಂತಕ್ ಸುಳ್ ಹೇಳ್ದೆ ಮಾರಾಯ?" ಎಂದ.

"ಅವ್ಳಿಗ್ ಎಂತಕೆ ಹೇಳುದ್," ಎಂದ ಗುಡ್ಡ. "ಐತಣ್ಣ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಅವತ್ ಕತ್ತಿ ಇದ್ದದ್ ನನ್ನ್ ಕೈಯಂಗೆ. ನಿಮ್ಮನ್ ಕೇಂಡದ್ದೇ ತಪ್ಪ್. ಕೇಣ್ದೆ ಕಡಿಕಿತ್ತ್. ಅದ್ಕೇ ನಾ ನಿಮ್ಮ್ ಬೋಟ್ ಬಿಟ್ಟ್ ಹೋಯಿಲ್ಲೆ."

ಮರಳಿ ಬರುವಾಗ ಬಸ್ಸಿನಲ್ಲಿ ಐತನಿಗೆ ಒಂದು ವಿಷಯ ಸ್ಪಷ್ಟವಾಯಿತು. ಸತ್ತ ಒಬ್ಬನಿಗಾಗಿ ಬದುಕಿದ್ದ ಮೂವತ್ತು ಜನರನ್ನು ತಾನು ದಿನಾ ಆ ನೀರಿಗೆ ಒಯ್ಯುತ್ತಿದ್ದ. ಅವರು ಬರುತ್ತಿದ್ದದ್ದು ಹೊಟ್ಟೆಪಾಡಿಗೆ ಮಾತ್ರವೂ ಅಲ್ಲ. ಗುಡ್ಡನ ಹಾಗೆ, ಯತೀಶನ ಹಾಗೆ, ಒಬ್ಬೊಬ್ಬರೂ ಏನೋ ಒಂದನ್ನು ಹೊತ್ತುಕೊಂಡು ಬರುತ್ತಿದ್ದರು. ತನ್ನನ್ನು ತೆಗೆಯುವವರೆಗೆ ಕಾಯುವುದೆಂದರೆ, ಹುಡುಕುವುದನ್ನು ನಿಲ್ಲಿಸಿದ ಪಾಪವನ್ನು ರತನನ ತಲೆಗೆ ಕಟ್ಟಿ ತಾನು ಅಕ್ಕನ ಎದುರು ಒಳ್ಳೆಯವನಾಗಿ ನಿಲ್ಲುವುದು. ಕುಂದಾಪುರದಲ್ಲಿ ಇಳಿದವನು ಕೋಡಿಯವರೆಗೆ ಮಳೆಯಲ್ಲೇ ನಡೆದ.

ಗುರುವಾರ ಅವನು ಗಂಗೊಳ್ಳಿಗೆ ಹೋದ. ಐಸ್ ಪ್ಲಾಂಟಿನ ಪಕ್ಕದ ಕೋಣೆಯಲ್ಲಿ ರತನ್ ಒಬ್ಬನೇ ಕೂತಿದ್ದ. ಐತನನ್ನು ಕಂಡು ಗಡಬಡಿಸಿ ಎದ್ದು ನಿಂತ. ಸಣ್ಣವನಿದ್ದಾಗ ಐತನ ಹೆಗಲ ಮೇಲೆ ಕೂತು ಬೋಟಿಗೆ ಬಂದವನು. ಜನರ ಎದುರು ಐತ ಅವನಿಗೆ ನೀವು ಎನ್ನುತ್ತಿದ್ದ. ಇಬ್ಬರೇ ಇದ್ದಾಗ ನೀನು.

"ಐತಣ್ಣ, ಯತೀಶ ಹೇಳ್ದ್ನಾ? ನಂಗೆ ನಿಮ್ಮ್ ಮೇಲೆ ಸಿಟ್ಟಿಲ್ಲೆ. ಅಪ್ಪಯ್ಯ ಇದ್ದಿದ್ರೆ ಎಂತ ಮಾಡ್ತಿದ್ರೋ ಗೊತ್ತಿಲ್ಲೆ. ಆದ್ರೆ..."

"ತೋರ್ಸ್, ಕಾಂಬ."

ರತನ್ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. ಗಂಗೊಳ್ಳಿಯ ಅಳಿವೆಯಿಂದ ನೂರಾರು ಗೆರೆಗಳು ಕಡಲಿಗೆ ಹೊರಟಿದ್ದವು. ಒಂದೊಂದು ಒಂದೊಂದು ದಿಕ್ಕು; ಕೆಲವು ಬೈಂದೂರಿನಾಚೆಗೆ, ಕೆಲವು ಮಲ್ಪೆಯ ಕಡೆಗೆ. ಮರಳುವಾಗ ಎಲ್ಲವೂ ಒಂದೇ ಕಡೆ ಸೇರಿ, ಅಲ್ಲಿ ಒಂದರ ಮೇಲೊಂದು ಬಿದ್ದು ಕಪ್ಪು ಗಂಟಾಗಿದ್ದವು. ಎರಡು ವರ್ಷ ತಾನು ಮಾಡಿದ್ದು ಇಷ್ಟು ಎಂದು ಐತ ಮೊದಲ ಸಲ ಕಣ್ಣಿನಿಂದ ಕಂಡ. ಇಷ್ಟು ಸುತ್ತಿದರೂ ಒಂದು ಅಂಗಿಯ ಚೂರು ಸಿಕ್ಕಿರಲಿಲ್ಲ.

"ರತನ, ಶುಕ್ರವಾರಕ್ಕೆ ಕಾಯ್ಬೇಡ. ನಾ ಬಿಟ್ಟೆ."

ರತನನ ಮುಖ ಒಮ್ಮೆಲೇ ಹಗುರವಾಯಿತು. ಮರುಕ್ಷಣ ಅವನಿಗೇ ನಾಚಿಕೆಯಾಗಿ ಕಣ್ಣು ತಗ್ಗಿಸಿದ. "ಶುಕ್ರವಾರ ಬನಿ ಹಾಂಗಾರೆ. ಎಲ್ಲರ್ ಎದ್ರಿಗೆ ಒಂದ್ ಶಾಲ್..."

"ಶಾಲ್ ಬ್ಯಾಡ. ಗುಡ್ಡನ್ ಕಾಲ್ ಸಮ ಆದ್ಮೇಲೆ ಅವ್ನ್ ಜಾಗ ಅವ್ನಿಗೇ ಇರ್ಲಿ. ಮತ್ತೆ..." ಐತ ಪರದೆಯ ಆ ಗಂಟಿನ ಮೇಲೆ ಬೆರಳಿಟ್ಟ. "ಇದನ್ ಹೊಸದ್ರಂಗ್ ಹಾಕ್ಬೇಡ. ಯತೀಶನಿಗೆ ಇದ್ ಕಾಂಬುಕಾಗ."

"ಅಳ್ಸುದಾ?"

ಐತ ತುಂಬ ಹೊತ್ತು ಅದನ್ನೇ ನೋಡಿಕೊಂಡು ನಿಂತ. ಕೊನೆಗೆ ಹೂಂ ಎಂದು ಹೊರಗೆ ಬಂದ. ಅಳಿಸುವಾಗ ಅವನು ಅಲ್ಲಿ ಇರಲಿಲ್ಲ.

ಮುತ್ತುವಿನ ಮನೆ ಐತನ ಮನೆಯಿಂದ ಎರಡು ಹಿತ್ತಲಿನಾಚೆ. ಸಂಜೆ ಅವನು ಹೋದಾಗ ಅವಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಡಲು ತೆರೆಯುವುದಕ್ಕೆ ಮೂರೇ ದಿನ ಎಂದು ಅವಳಿಗೆ ಲೆಕ್ಕವಿತ್ತು.

"ಆದಿತ್ಯವಾರ ಹೊರಡ್ತ್ರಿಯಾ?" ಎಂದು ಕೇಳಿದಳು.

ಐತ ಮೆಟ್ಟಿಲ ಮೇಲೆ ಕೂತ. "ಅಕ್ಕ, ಈ ಸಲ ಬೋಟ್ ಯತೀಶ ತಕಂಡ್ ಹೋತ. ನಾ ಹೋತಿಲ್ಲೆ."

ಅವಳ ಕೈ ನಿಂತಿತು. "ಅವ್ರ್ ತೆಗ್ದದ್ದಾ, ನೀ ಬಿಟ್ಟದ್ದಾ?"

ಇದೇ ಪ್ರಶ್ನೆ ಬರುತ್ತದೆ ಎಂದು ಅವನು ಮೂರು ದಿನದಿಂದ ಹೆದರಿದ್ದ. ತೆಗೆದರು ಎಂದಿದ್ದರೆ ಅವಳು ರತನನಿಗೆ ಶಾಪ ಹಾಕಿ, ತಮ್ಮನ ತಲೆ ಸವರಿ, ಒಳಗೆ ಕರೆದು ಊಟ ಹಾಕುತ್ತಿದ್ದಳು. ಯಾರೂ ಬಂದು ಇಲ್ಲ ಎನ್ನುತ್ತಿರಲಿಲ್ಲ.

"ಬಿಟ್ಟದ್ ನಾನೇ."

"ಎಂತಕೆ?"

"ಅವ ಸಿಕ್ಕುದಿಲ್ಲೆ, ಅಕ್ಕ."

ಐತ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಹೇಳಿದ ಮೇಲೆ ಇನ್ನೊಂದನ್ನು ಇಟ್ಟುಕೊಳ್ಳಲು ಅವನಿಂದ ಆಗಲಿಲ್ಲ. ಮೋಡ ಕಂಡದ್ದು, ಕಂಡೂ ಬಲೆ ಬಿಟ್ಟದ್ದು, ಗುಡ್ಡ ಕೇಳಿದ್ದು, ತಾನು ಕಡಿ ಎನ್ನಲು ತಡ ಮಾಡಿದ್ದು, ಎಲ್ಲ ಹೇಳಿದ. ಎರಡು ವರ್ಷದಿಂದ ಅವಳಿಗೆ ಗೊತ್ತಿದ್ದದ್ದು ಗಾಳಿ ಬಂತು, ದೋಣಿ ಮಗುಚಿತು ಎಂದು ಮಾತ್ರ.

"ಎಷ್ಟ್ ಹೊತ್ತ್ ತಡ ಮಾಡ್ದೆ?"

"ಎರಡ್ ನಿಮಿಷ."

"ಎರಡ್ ನಿಮಿಷ," ಎಂದಳು ಮುತ್ತು. ಬಿಡಿಸಿದ ಬೀಜವನ್ನೂ ಹಣ್ಣನ್ನೂ ಒಂದೇ ಗೆರಸೆಗೆ ಸುರಿದು ಎದ್ದಳು. ಹಗ್ಗದ ಮೇಲಿನ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಅಳಲಿಲ್ಲ. ಹೊಸ್ತಿಲಲ್ಲಿ ನಿಂತು, ಬೆನ್ನು ತಿರುಗಿಸಿಯೇ ಹೇಳಿದಳು: "ಇನ್ ಈ ಜಗಲಿ ಹತ್ಬೇಡ."

ಐತ ಹತ್ತಲಿಲ್ಲ.

ಆಗಸ್ಟ್ ಎರಡನೇ ವಾರ ಕಡಲು ಶಾಂತವಾದ ಮೇಲೆ ಬೋಟು ಹೊರಟಿತು. ಐತ ಕೋಡಿಯ ದಡದಲ್ಲಿ ಬಲೆ ಕಟ್ಟುವವರ ಚಪ್ಪ‍ರದಲ್ಲಿ ಕೆಲಸಕ್ಕೆ ಕೂತ. ಹರಿದ ಬಲೆ ಕಾಲ ಮೇಲೆ ಹರಡಿಕೊಂಡು, ಕಣ್ಣು ಕಣ್ಣಾಗಿ ಗಂಟು ಹಾಕುವ ಕೆಲಸ. ಉಳಿದ ಮುದುಕರು ಮಾತಾಡುತ್ತಿದ್ದರು, ಅವನು ಕೇಳಿಸಿಕೊಳ್ಳುತ್ತಿದ್ದ. ಬೋಟುಗಳು ಅಳಿವೆಯಿಂದ ಹೊರಬೀಳುವ ಸದ್ದು ಬಂದಾಗ ತಲೆ ಎತ್ತುತ್ತಿರಲಿಲ್ಲ. ಸದ್ದಿನಿಂದಲೇ ಯಾವುದು ತನ್ನ ಬೋಟು ಎಂದು ಗೊತ್ತಾಗುತ್ತಿತ್ತು.

ಐದನೇ ದಿನ ಸಂಜೆ ಯತೀಶ ಚಪ್ಪರಕ್ಕೆ ಬಂದ. ಅವನ ಮನೆ ಬೀಜಾಡಿ. ಹೊಳೆ ದಾಟಿ ಕೋಡಿಯಲ್ಲಿಟ್ಟ ಬೈಕು ಹತ್ತಿ ಮನೆಗೆ ಹೋಗುವವನು.

"ಐತಣ್ಣ, ಮುತ್ತಕ್ಕ ದಿನಾ ದಡದಂಗ್ ನಿಂತಿರ್ತ್ರ್. ನನ್ನ್ ಹತ್ರ ಕೇಂತ್ರ್, ಎಂತಾರೂ ಕಂಡಿತಾ ಅಂದೇಳಿ."

ಐತನ ಕೈಯ ನೂಲು ನಿಂತಿತು. "ನೀ ಎಂತ ಹೇಳ್ದೆ?"

"ನಾಳೆ ಕಾಂಬ ಅಂದೆ. ನಾಕ್ ದಿನವೂ ಹಾಂಗೇ ಅಂದೆ. ಮತ್ತೆಂತ ಹೇಳುಕಾತ್ತ್?" ಯತೀಶ ಕುಕ್ಕರಗಾಲಲ್ಲಿ ಕೂತ. "ಹೊಸ ಮಷಿನಂಗ್ ಆ ಜಾಗ ಇಲ್ಲೆ. ಆದ್ರೆ ನಂಗ್ ಮಷಿನ್ ಬ್ಯಾಡ, ಐತಣ್ಣ. ಆ ನೀರಂಗ್ ಬಿದ್ದವ ನಾನ್. ಕಣ್ ಮುಚ್ಚಿ ಹೋತೆ. ವಾರಕ್ಕೊಂದ್ ಸಲ ಆರೂ ಆ ಬದಿಯಂಗ್ ಬಂದ್ರೆ..."

"ಬ್ಯಾಡ."

"ಆ ಹಗ್ಗ ಅವ್ನ್ ಕೈಗ್ ಸಿಕ್ಕುದಿತ್ತ್. ಅವ ನನ್ನ್ ಹಿಂದೆ ಇದ್ದ. ನಾ ಹಿಡ್ಕಂಡ್ಬಿಟ್ಟೆ." ನಲವತ್ತರ ಗಂಡಸು, ಮುದುಕರೆಲ್ಲ ನೋಡುತ್ತಿದ್ದಂತೆ, ಮೊಣಕಾಲಿಗೆ ಮುಖ ಒತ್ತಿ ಅತ್ತ.

ಐತ ಅವನ ಬೆನ್ನ ಮೇಲೆ ಕೈ ಇಟ್ಟ. "ಹಿಡ್ಕಂಡದ್ ಒಳ್ಳೇದಾಯ್ತ್. ಇಲ್ದಿದ್ರೆ ನಾ ಇಬ್ರನ್ ಹುಡುಕ್ಕಿತ್ತ್. ಕೇಣ್ ಇಲ್ಲಿ. ಮೀನ್ ಎಲ್ಲಿತ್ತೋ ಅಲ್ಲಿಗ್ ಹೋಯ್ಕ್. ಗಾಳಿ ಕಂಡ್ರೆ ತಿರ್ಗ್ಕ್. ಅಷ್ಟೇ ತಾಂಡೇಲನ ಕೆಲ್ಸ. ನಾಳೆ ಅಕ್ಕ ಕೇಂಡ್ರೆ, ನಾವ್ ಆ ಬದಿಗ್ ಹೋಪ್ದಿಲ್ಲೆ ಅಂದೇಳಿ ಹೇಳ್."

"ನನ್ನ್ ಬಾಯಂಗ್ ಬಪ್ದಿಲ್ಲೆ."

"ಬರ್ಕ್. ನಂಗ್ ಬಂದಿಲ್ಲೆ, ಎರಡ್ ವರ್ಷ ಹೋಯ್ತ್."

ಮರುದಿನ ಯತೀಶ ಹೇಳಿದ. ಮುತ್ತು ಕೇಳಿಸಿಕೊಂಡಳಂತೆ. ಅವನ ಅಂಗಿಯ ಮೇಲಿದ್ದ ಮೀನಿನ ಪೊರೆ ಒಂದನ್ನು ಉಗುರಿನಿಂದ ತೆಗೆದು, "ಹುಷಾರಾಯ್ ಹೋಯ್ ಬಾ, ಮಗ," ಎಂದಳಂತೆ. ಅದರ ಮರುದಿನದಿಂದ ದಡದಲ್ಲಿ ಅವಳು ಕಾಣಲಿಲ್ಲ. ಎರಡು ದಿನ ಒಲೆಯಲ್ಲಿ ಹೊಗೆ ಕಾಣದೆ ವನಜ ಗಂಜಿ ಮಾಡಿಕೊಂಡು ಹೋದಳು. ಮುತ್ತು ಬಾಗಿಲು ತೆಗೆದು ಗಂಜಿ ತೆಗೆದುಕೊಂಡಳು. ತಮ್ಮನ ಮಾತು ಎತ್ತಲಿಲ್ಲ.

ಹೀಗೆ ಚೌತಿ ಕಳೆಯಿತು. ಪಿತೃಪಕ್ಷ ಬಂತು. ಒಂದು ಮಧ್ಯಾಹ್ನ ಚಪ್ಪರದ ಹೊರಗೆ ಬಿಸಿಲಿನಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಐತ ತಲೆ ಎತ್ತಿದರೆ ಮುತ್ತು. ತೂಕ ಇಳಿದು ಸಣ್ಣವಳಾಗಿದ್ದಳು.

"ನಾಡಿದ್ ಅಮಾಸಿ," ಎಂದಳು. "ಅವ್ನ್ ಹೆಸ್ರಂಗ್ ಎಲಿ ಹಾಕುಕಿತ್ತ್. ಗಂಡಸ್ರ್ ಯಾರೂ ಇಲ್ಲೆ. ನೀ ಬರ್ಕ್."

"ಬತ್ತೆ ಅಕ್ಕ."

"ನಿನ್ನ್ ಮೇಲಿನ್ ಸಿಟ್ಟ್ ಹೋಯ್ತ್ ಅಂದೇಳಿ ಎಣಿಸ್ಬೇಡ."

"ಇಲ್ಲೆ ಅಕ್ಕ."

ಅಮಾವಾಸ್ಯೆಯ ದಿನ ಐತ ಮಿಂದು, ಬಾಳೆಲೆ ಕೊಯ್ದುಕೊಂಡು ವನಜಳ ಜೊತೆ ಹೋದ. ಜಗಲಿಯ ಕೆಳಗೆ ನಿಂತ. ಮುತ್ತು ಒಳಗಿಂದಲೇ, "ಬಾ," ಎಂದ ಮೇಲೆ ಹತ್ತಿದ. ಆ ಮನೆಯಲ್ಲಿ ಎರಡು ವರ್ಷದಿಂದ ಮೀನು ಬೇಯಿಸಿರಲಿಲ್ಲ. ಅವತ್ತು ಬಂಗುಡೆ ಸಾರಿನ ವಾಸನೆ ಅಂಗಳದವರೆಗೆ ಬರುತ್ತಿತ್ತು. ನಡುಮನೆಯಲ್ಲಿ ಐತ ಎಲೆ ಹಾಕಿದ. ಮುತ್ತು ಒಂದೊಂದಾಗಿ ಬಡಿಸಿದಳು: ಕುಚ್ಚಿಗೆ ಅಕ್ಕಿ ಅನ್ನ, ಸಾರು, ಹುರಿದ ಬಂಗುಡೆ ಎರಡು, ಹೋಟೆಲಿನಿಂದ ತರಿಸಿದ ಗೋಳಿಬಜೆ. ಲೋಟದಲ್ಲಿ ನೀರು ಇಡುವಾಗ ಸ್ವಲ್ಪ ಎಲೆಯ ತುದಿಗೆ ಚೆಲ್ಲಿತು. ಬದುಕಿದ್ದವನಿಗೆ ಬಡಿಸುವಾಗ ಒರೆಸುವ ಹಾಗೆ ಸೆರಗಿನಿಂದ ಅದನ್ನು ಒರೆಸಿದಳು.

ದೀಪ ಇಟ್ಟು, ಕೈಮುಗಿದು, ಮೂವರೂ ಹೊರಗೆ ಬಂದರು. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವುದು ಕ್ರಮ. ಮುತ್ತು ತಾನೇ ಬಾಗಿಲು ಎಳೆದಳು. ಜಗಲಿಯಲ್ಲಿ ತಮ್ಮನಿಂದ ಒಂದು ಮಾರು ದೂರ ಕೂತಳು. ಬೇಲಿಯ ಮೇಲೆ ಕಾಗೆ ಕೂತು ಹಾರಿತು.

"ಆ ಎರಡ್ ನಿಮಿಷ ನಂಗ್ ಮರೂದಿಲ್ಲೆ," ಎಂದಳು ಮುತ್ತು.

"ನಂಗೂ," ಎಂದ ಐತ.

"ತೆಗ್ದ್ರ್ ಅಂದೇಳಿ ಹೇಳಿದ್ರೆ ನಾ ನಂಬ್ತಿದ್ದೆ."

"ಗೊತ್ತಿತ್ತ್."

ಬಿಸಿಲು ಮೆಟ್ಟಿಲಿನಿಂದ ಜಗಲಿಗೆ ಏರಿತು. ಸಾಮಾನ್ಯವಾಗಿ ಬಾಗಿಲು ತೆರೆಯುವಷ್ಟು ಹೊತ್ತು ಆಗಿ, ಅದಕ್ಕಿಂತ ಹೆಚ್ಚೇ ಆಗಿತ್ತು. ವನಜ ಎದ್ದು ಬಾಗಿಲ ಹತ್ತಿರ ನಿಂತು, "ಅತ್ಗಿ, ತೆಗುದಾ?" ಎಂದು ಕೇಳಿದಳು.

ಮುತ್ತು ಬೇಡ ಎಂಬಂತೆ ಕೈ ಆಡಿಸಿದಳು. "ಇನ್ ಚೂರ್ ತಡಿ. ಅವ ಉಂಬುದೇ ನಿಧಾನ."

ಐತನಿಗೆ ಅಷ್ಟರವರೆಗೆ ಬಾರದಿದ್ದ ಅಳು ಆಗ ಬಂತು. ಅವನು ಬೈರಾಸು ಬಾಯಿಗೆ ಒತ್ತಿಕೊಂಡ. ಮುತ್ತು ಅವನ ಕಡೆ ತಿರುಗಲಿಲ್ಲ. ಎದ್ದು ಹೋಗಲೂ ಇಲ್ಲ. ವನಜ ಮರಳಿ ಬಂದು ಇಬ್ಬರ ನಡುವೆ ಕೂತಳು.